ನಿಲ್ಲದ ಟೈರು, ನೆಲ ಕಾಣದ ಬುತ್ತಿ

ನಲವತ್ತೊಂದನೆಯ ರೊಟ್ಟಿ ನನ್ನ ಕೈಯಲ್ಲಿ ತಿರುಗುತ್ತಿತ್ತು. ಎಳ್ಳು ಹಚ್ಚಿ ಹಂಚಿನ ಮೇಲೆ ಹಾಕಬೇಕು ಎನ್ನುವಷ್ಟರಲ್ಲಿ ನಮ್ಮ ಯಜಮಾನರು ಉಳವಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಒಂದ ರೂಪಾಯಿ ನಾಣ್ಯ ಇದ್ರ ಕೊಡು," ಎಂದರು.

"ಹಿಟ್ಟಿನ ಕೈ ಐತ್ರಿ. ಗೂಟಕ್ಕ ಚೀಲ ಐತಿ, ತಗೋರಿ."

ತೆಗೆದುಕೊಂಡು ಹೋದವರು ರೊಟ್ಟಿ ಬೇಯುವುದರೊಳಗೆ ಮರಳಿ ಬಂದರು. ನಾಣ್ಯವನ್ನು ಕಾರಿನ ಟೈರಿನ ಗೀರಿನಲ್ಲಿ ಇಟ್ಟು ನೋಡಿದರಂತೆ. ಎಷ್ಟು ಮುಳುಗಬೇಕೋ ಅಷ್ಟು ಮುಳುಗಲಿಲ್ಲವಂತೆ.

"ನಾಲ್ಕೂ ಟೈರ್ ಬೋಳ ಆಗ್ಯಾವ."

"ನಿಮ್ಮ ತಲಿ ಬೋಳ ಆಗಿ ಇಪ್ಪತ್ತು ವರ್ಷ ಆತು. ನಾವೇನು ಬದಲ ಮಾಡೇವೇನು?"

"ನನ್ನ ತಲಿ ಮ್ಯಾಲೆ ಕುಂತು ಯಾರೂ ಮುಂಡರಗಿಗೆ ಹೋಗಂಗಿಲ್ಲ," ಎಂದರು.

ಮುಂಡರಗಿಯ ಹೆಸರು ಬಂದ ಮೇಲೆ ನಾನು ನಗಲಿಲ್ಲ.

ಮುಂಡರಗಿಯಲ್ಲಿ ಇವರ ತಂಗಿ ಅಮೃತವ್ವ ಇದ್ದಾಳೆ. ಆರು ವರ್ಷದ ಹಿಂದೆ ಅವಳ ಮಗಳು ಸ್ನೇಹಾಳ ಮದುವೆಗೆಂದು ನಾವಿಬ್ಬರೂ ಇದೇ ಕಾರಿನಲ್ಲಿ ಹೊರಟಿದ್ದೆವು. ಡಂಬಳ ದಾಟಿದ ಮೇಲೆ ಒಂದು ಟೈರು ಪಂಕ್ಚರ್ ಆಯಿತು. ಡಿಕ್ಕಿ ತೆರೆದು ನೋಡಿದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಕಾರಿನ ಗಾಳಿ, ನೀರು, ಎಣ್ಣೆ ಎಲ್ಲ ತಾವೇ ನೋಡಿಕೊಳ್ಳುವುದಾಗಿ ಇಡೀ ಬಳಗದ ಮುಂದೆ ಸಾರಿದ್ದವರು ಇವರೇ. ಯಾರದೋ ಟ್ರ್ಯಾಕ್ಟರಿನಲ್ಲಿ ಗಾಲಿ ಕಳಿಸಿ, ತಿದ್ದಿಸಿ, ತರಿಸಿ, ಮುಂಡರಗಿ ಮುಟ್ಟುವ ಹೊತ್ತಿಗೆ ಹಂದರದ ಗಳ ಕೀಳುತ್ತಿದ್ದರು. ಇವರು ಓಣಿಯ ಮೂಲೆಯಲ್ಲೇ ಕಾರು ತಿರುಗಿಸಿದರು. ನಮ್ಮನ್ನು ಯಾರೂ ನೋಡಲಿಲ್ಲ.

ಮರುದಿನ ಕೇಳಿದವರಿಗೆಲ್ಲ ಒಂದೇ ಮಾತು: "ಅಮೃತವ್ವ ಒಬ್ಬಾಕಿನ ಬಂದು ಕರದ್ಲು. ಅಕಿ ಗಂಡ ಬರಲಿಲ್ಲ. ಹಂಗ ಕರದ್ರ ಹೋಗೂದು ಹೆಂಗ?" ಸುಳ್ಳಿಗೆ ಪದ್ಧತಿಯ ರುಮಾಲು ಸುತ್ತಿದರೆ ಅದು ಎಂಥ ಮನೆಯ ಪಡಸಾಲೆಯಲ್ಲೂ ಕಾಲು ಚಾಚಿ ಕೂಡುತ್ತದೆ. ಕೂತಿತು.

ವಾರದ ಮೇಲೆ ಇವರಿಗೂ ತಡೆಯಲಾಗಲಿಲ್ಲ. ನಾನು ಆಗಷ್ಟೇ ರಾತ್ರಿಶಾಲೆ ಮುಗಿಸಿ ಒತ್ತಕ್ಷರ ಬರೆಯಲು ಕಲಿತಿದ್ದೆ. ತಮ್ಮ ಕೈಯಿಂದ ಬರೆಯಲು ಇವರಿಗೆ ಆಗಲಿಲ್ಲ; ನಡೆದದ್ದನ್ನು ನಡೆದ ಹಾಗೆ ಹೇಳಿದರು, ನಾನು ಬರೆದೆ. ಲಕೋಟೆಗೆ ಹಾಕಿ, ಅಂಚೆ ಚೀಟಿ ಹಚ್ಚಿ, ಡಬ್ಬಿಗೆ ಹಾಕಿ ಬರುತ್ತೇನೆಂದು ಕಾರು ತೆಗೆದುಕೊಂಡು ಹೋದರು. "ಹಾಕಿದೆ," ಎಂದರು. ಉತ್ತರ ಬರಲೇ ಇಲ್ಲ. ನಮ್ಮ ಫೋನನ್ನೂ ಅಮೃತವ್ವ ಎತ್ತಲಿಲ್ಲ. ಅಣ್ಣ ಅಷ್ಟು ತಗ್ಗಿ ಬರೆದರೂ ಒಂದು ಸಾಲು ಬರೆಯಲಿಲ್ಲವಲ್ಲ ಎಂದು ನನ್ನ ಮನಸ್ಸೂ ಅವಳ ಮೇಲೆ ಗಟ್ಟಿಯಾಯಿತು.

ಈಗ ಸ್ನೇಹಾ ಏಳು ತಿಂಗಳ ಬಸುರಿ. ತವರಿಗೆ ಬಂದಿದ್ದಾಳೆ. ಶುಕ್ರವಾರ ಕುಬುಸ, ಬಸುರಿಗೆ ಉಡಿ ತುಂಬುವ ಶಾಸ್ತ್ರ. ಅವಳೇ ನನಗೆ ಫೋನು ಮಾಡಿದ್ದಳು. "ಅತ್ತಿ, ಮೊದಲ ಉಡಿ ಸೋದರಮಾವಂದು. ಮಾಮಾನ್ನ ಕರಕೊಂಡು ಬಾ. ಅವ್ವ ಬ್ಯಾಡ ಅಂದಿಲ್ಲ." ಅದಕ್ಕೇ ಈ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಕರಚಿಕಾಯಿ. ಅದಕ್ಕೇ ಈ ಟೈರಿನ ಚಿಂತೆ.

ಸಾದಾ ಟೈರು ಹಾಕಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋದ ತಿಂಗಳು ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮಗ ವೀರು ತನ್ನ ಮನೆಯ ಮುಂದೆ ನಿಲ್ಲಿಸಿದ್ದ ದೊಡ್ಡ ಕಾರಿನ ಬಾನೆಟ್ ಸವರುತ್ತ, "ದೊಡ್ಡಪ್ಪಾ, ಶಿರಹಟ್ಟಿಯಿಂದ ಇಲ್ಲಿತನಾ ಟೈರಿನಾಗ ಗಾಳಿನ ಇದ್ದಿಲ್ಲ. ಕಾರಿನಾಗಿನ ದೀಪ ಹತ್ತಿದ್ದಕ್ಕ ಗೊತ್ತಾತು. ರನ್-ಫ್ಲಾಟ್ ಟೈರ್ ಅಂದ್ರ ಹಂಗ. ಇದಕ್ಕ ಸ್ಟೆಪ್ನಿನೂ ಬೇಕಾಗಿಲ್ಲ," ಎಂದಿದ್ದ. ಸ್ಟೆಪ್ನಿ ಬೇಕಾಗಿಲ್ಲ ಎಂಬ ಮಾತು ಇವರ ಕಿವಿಯಲ್ಲಿ ಗುರುವಿನ ಉಪದೇಶದಂತೆ ಇಳಿದಿತ್ತು.

ಇನ್ನೊಂದು ಕಾರಣವೂ ಇತ್ತು. ನಮ್ಮ ಅತ್ತೆಯವರು ಹಾಕಿಕೊಟ್ಟ ಕಟ್ಟಳೆ ಒಂದಿದೆ: ಉಡಿಯ ಬುತ್ತಿ ನಮ್ಮ ಹೊಸ್ತಿಲು ದಾಟಿದ ಮೇಲೆ ಮುಟ್ಟಬೇಕಾದ ಮನೆಯ ಹೊಸ್ತಿಲು ದಾಟುವ ತನಕ ನೆಲ ಕಾಣಬಾರದು, ಮಂದಿ ಕೂರುವ ಸೀಟಿನ ಮೇಲೂ ಕೂರಬಾರದು. ಡಿಕ್ಕಿಯಲ್ಲಿ ಕೆಳಗೆ ಸ್ಟೆಪ್ನಿ, ಮೇಲೆ ಏಳು ಬುತ್ತಿ. ದಾರಿಯಲ್ಲಿ ಪಂಕ್ಚರ್ ಆದರೆ ಬುತ್ತಿ ಎಲ್ಲಿ ಇಳಿಸುವುದು? ಎರಡು ದಿನ ಕೂತು ಯೋಚಿಸಿ ಇವರು ಕಂಡುಕೊಂಡ ದಾರಿ, ಪಂಕ್ಚರ್ ಆದರೂ ನಿಲ್ಲದಿರುವುದು.

ನಮ್ಮ ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಅಝೀಮನ ಟೈರಿನ ಅಂಗಡಿ. ಅವನ ತಂದೆ ಗುಡುಸಾಬರು ಸೈಕಲ್ಲುಗಳ ಕಾಲದಿಂದ ಪಂಕ್ಚರ್ ತಿದ್ದಿದವರು. ಈಗ ಕೈ ನಡುಗುತ್ತದೆಂದು ನೀರಿನ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಗುಳ್ಳೆ ಏಳುವುದನ್ನು ನೋಡುತ್ತ ಕೂರುತ್ತಾರೆ. ಖಣದ ಬಟ್ಟೆ ಕೊಳ್ಳಲೆಂದು ಹೊರಟ ನಾನೂ ಜೊತೆಗಿದ್ದೆ.

"ಅಝೀಮ, ಗಾಳಿ ಹೋದ್ರೂ ಓಡೂ ಟೈರ್ ಹಾಕು."

ಅಝೀಮ ನಮ್ಮ ಸಣ್ಣ ಕಾರನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ನಗುವನ್ನು ಮರ್ಯಾದೆಯಿಂದ ನುಂಗಿದ. "ರನ್-ಫ್ಲಾಟ್ ಏನ್ರಿ ಕಾಕಾ? ಈ ಗಾಡಿಗೆ?"

"ಯಾಕ, ಇದು ಗಾಡಿ ಅಲ್ಲ?"

"ಗಾಡಿನ ಐತ್ರಿ. ಆದ್ರ ಇದರ ಅಳತಿದು ನನ್ನ ಕಡೆ ಇಲ್ಲ, ಹುಬ್ಬಳ್ಯಾಗ ಕೇಳಿದ್ರೂ ಸಿಗೂದು ಕಠಿಣ. ಸಿಕ್ಕರೂ, ಗಾಳಿ ಇಳೀತು ಅಂತ ತೋರಸೂ ದೀಪ ಗಾಡ್ಯಾಗ ಇರಬೇಕು. ಅದರ ಬದಿ ಗ್ವಾಡಿ ಕಲ್ಲಿನಂಗ ಇರತೈತ್ರಿ. ಗಾಳಿ ಹೋತಂದ್ರ ಗಾಡಿ ಭಾರ ಎಲ್ಲಾ ಆ ಗ್ವಾಡಿ ಹೊರತೈತಿ. ಮೆತ್ತಗ ಹೊಡದ್ರ ಎಂಬತ್ತು ಕಿಲೋಮೀಟರ್, ಅಷ್ಟ. ಆಮ್ಯಾಲೆ ಆ ಟೈರ್ ಬಹಳ ಮಾಡಿ ಒಗಿಯೂದ. ಸಾದಾ ಟೈರ್ ಆದ್ರ ಮೆತ್ತಗ ಇರತೈತಿ, ಯಾವ ಹಳ್ಳ್ಯಾಗ ಬೇಕಾದ್ರೂ ಪಂಕ್ಚರ್ ತಗಸಬಹುದು."

"ಮುಂಡರಗಿ ಎಷ್ಟು ದೂರ?"

"ನಲವತ್ತರೊಳಗ."

"ಎಂಬತ್ತರಾಗ ಹೋಗಿ ಬರೂದು ಆತಲ್ಲ!"

ಗಾಳಿಯಿಲ್ಲದೆ ಹೋಗಿ ಗಾಳಿಯಿಲ್ಲದೆ ಬರುವ ಈ ಲೆಕ್ಕವನ್ನು ಅವರು ಎಷ್ಟು ಸಂತೋಷದಿಂದ ಹೇಳಿದರೆಂದರೆ, ಗಾಳಿ ತುಂಬಿಸಿಕೊಂಡು ಹೋಗುವವರೆಲ್ಲ ದಡ್ಡರೆಂದು ನನಗೂ ಒಂದು ಗಳಿಗೆ ಅನ್ನಿಸಿತು.

ಗುಡುಸಾಬರು ತೊಟ್ಟಿಯಿಂದ ಕಣ್ಣೆತ್ತಲಿಲ್ಲ. "ಉಳವಪ್ಪಾರ, ಗಾಳಿ ಹೋತು ಅಂದ್ರ ನಿಂತು, ಇಳದು ನೋಡಾಕ ನಿಮಗೇನು ತ್ರಾಸು?"

ಇವರು ಕಾರಿನ ಬಾಗಿಲು ತೆಗೆದರು. "ನಾಳಿಗೆ ಹೇಳ್ತೀನಿ," ಎಂದು ಹೊರಟುಬಿಟ್ಟರು.

ನಮ್ಮ ಓಣಿಯಲ್ಲಿ ಹೊನ್ನೇಶ ಎಂಬ ನಿವೃತ್ತ ಕಂಡಕ್ಟರ್ ಇದ್ದಾನೆ. ನೌಕರಿ ಬಿಟ್ಟು ಐದು ವರ್ಷವಾದರೂ ಸೀಟಿ ಇನ್ನೂ ಅಂಗಿಯ ಜೇಬಿನಲ್ಲೇ ಇದೆ. ಸುದ್ದಿ ಕೇಳಿ ಬಂದವನೇ ತೀರ್ಪು ಕೊಟ್ಟ. "ಮೂವತ್ತೆರಡು ವರ್ಷ ಟೈರಿನ ಸಪ್ಪಳ ಕೇಳೇನಿ ಉಳವಪ್ಪಣ್ಣ. ಸಾದಾ ಟೈರೂ ಗಾಳಿ ಇಲ್ಲದ ಓಡತೈತಿ. ಓಡಸಾಕ ಬರಬೇಕು."

"ಎಷ್ಟು ದೂರ ಓಡತೈತಿ?"

"ಅದನ್ನ ನೋಡೇ ಬಿಡೂಣು. ಹೆಂಗೂ ಒಗಿಯೂ ಟೈರ್."

ಇಬ್ಬರು ಬುದ್ಧಿವಂತರು ಒಂದೇ ಮಾತಿಗೆ ಬಂದಾಗ ತಡೆಯುವವರು ಯಾರೂ ಹತ್ತಿರ ಇರುವುದಿಲ್ಲ. ನಾನು ಕರಚಿಕಾಯಿ ಕರಿಯುತ್ತಿದ್ದೆ. ಹಿಂದಿನ ಒಂದು ಗಾಲಿಯ ಗಾಳಿ ಬಿಟ್ಟು, ಇವರು ಸ್ಟೇರಿಂಗ್ ಹಿಡಿದು, ಹೊನ್ನೇಶ ಪಕ್ಕದಲ್ಲಿ ಹೆಜ್ಜೆ ಎಣಿಸುತ್ತ ಹೊರಟರು. ಸಾದಾ ಟೈರು ಅರವತ್ತೆರಡು ಹೆಜ್ಜೆ ಓಡಿತು. ಅರವತ್ಮೂರನೆಯದಕ್ಕೆ ಗಾಲಿಯ ಕಬ್ಬಿಣದ ಡಿಸ್ಕಿನಿಂದ ಕಳಚಿ ಕಾರು ಕುಂಟಿ ಕೂತಿತು. ಕೂತದ್ದು ಎಲ್ಲಿ ಎಂದರೆ, ನಡು ಓಣಿಯಲ್ಲಿ ನೀರು ಬಿಡುವ ವಾಲ್ವಿನ ಕಬ್ಬಿಣದ ಮುಚ್ಚಳದ ಮೇಲೆ. ಅವತ್ತು ನಮ್ಮ ಓಣಿಗೆ ನೀರು ಬರುವ ದಿನ.

ನೀರು ಬಿಡುವ ನೌಕರ ವಿಶಾಲ ಬಂದ, ಕೈಯಲ್ಲಿ ವಾಲ್ವಿನ ಉದ್ದನೆಯ ಕೀಲಿ. "ಯಜಮಾನ್ರ, ಗಾಡಿ ತಗೀರಿ."

"ತಗಿಯಾಕ ಬರಂಗಿಲ್ಲ. ಪರೀಕ್ಷೆ ನಡದೈತಿ," ಎಂದರು ಇವರು.

"ಎದರ ಪರೀಕ್ಷೆರಿ?"

"ಗಾಳೀದು."

"ನಂದು ನೀರಿಂದು. ನಂದು ಮೊದಲ."

ಅಷ್ಟರಲ್ಲಿ ಎದುರುಮನೆಯ ಸುಗ್ರಾಬಿ ಎರಡು ಕೊಡ ಕಂಕುಳಲ್ಲಿ ಹಿಡಿದು ಬಂದಳು. ಅವಳ ಹಿಂದೆ ಓಣಿಯ ಕೊಡಗಳೆಲ್ಲ ಬಂದವು. "ಉಳವಪ್ಪಣ್ಣಾ, ಕೊಡ ಬೋರಲ ಬಿದ್ದು ಎಷ್ಟು ದಿನಾ ಆತು ಗೊತ್ತೈತೇನು? ಗಾಡಿ ನೀವ ಎತ್ತತೀರೋ, ನಾವ ಎತ್ತೂಣೋ?"

ಅವರೇ ಎತ್ತಿದರು. ಹತ್ತು ಮಂದಿ ಹೆಂಗಸರು ಸೆರಗು ಸಿಕ್ಕಿಸಿ ಕಾರಿನ ಹಿಂಭಾಗ ಎತ್ತಿ ಬದಿಗೆ ಇಟ್ಟರು. ಹೊನ್ನೇಶ ಸೀಟಿ ಊದಿದ. ಅಷ್ಟೇ ಅವನ ಶ್ರಮ. ನೀರು ಬಂತು. ಎಲ್ಲರೂ ನಗುತ್ತಿದ್ದುದರಿಂದ ನಮ್ಮವರಿಗೆ ಏನಾದರೂ ಹೇಳಲೇಬೇಕಾಯಿತು. ಕಾರಿನ ಮೇಲೆ ಕೈಯಿಟ್ಟು ಭಾಷಣದ ಗತ್ತಿನಲ್ಲಿ ಅಂದರು: "ಇದಕ್ಕ ಹೇಳೂದು ನಾನು. ಏನರ ಆಗಲಿ, ನಿಲ್ಲಲಾರದ ಟೈರ್ ಹಾಕಿಸ್ಕೊಂಡ ಮುಂಡರಗಿ ಹಾದಿ ಹಿಡಿಯಾಂವ!"

ಮಾತು ಅಷ್ಟೇ. ಆದರೆ ಸುಗ್ರಾಬಿಯ ಮಗಳು ತಬಸ್ಸುಮಳನ್ನು ಕೊಟ್ಟದ್ದು ಮುಂಡರಗಿಗೆ, ಅಮೃತವ್ವನ ಮನೆಯ ಮಗ್ಗುಲಿಗೆ. ಅರ್ಥ ಬಿಡಿಸಿ ಹೇಳಲು ಹೊನ್ನೇಶ ಕಟ್ಟೆಯ ಮೇಲೆ ಇದ್ದೇ ಇದ್ದ. "ನಿಲ್ಲಲಾರದ ಟೈರ್ ಯಾಕ ಬೇಕು ಹೇಳು ಸುಗ್ರಾಬಿ? ಮುಂಡರಗ್ಯಾಗ ನಿಲ್ಲೂ ಮನಸ ಇಲ್ಲ. ಸೀದಾ ಹಾದು ಹೋಗಾಂವ, ಟೈರ್ ನಿಲ್ಲಲಿಲ್ಲ ಅನ್ನಾಂವ." ಹೊನ್ನೇಶನ ಊಹೆ ಸುಗ್ರಾಬಿಯ ಫೋನಿನಲ್ಲಿ ಖಬರ ಆಯಿತು, ತಬಸ್ಸುಮಳ ಅಂಗಳದಲ್ಲಿ ಪ್ರಮಾಣ ಆಯಿತು.

ಸಂಜೆ ಸುಗ್ರಾಬಿ ಮುಖ ಸಣ್ಣದು ಮಾಡಿಕೊಂಡು ಬಂದಳು. "ಸಿದ್ದಲಿಂಗಕ್ಕ, ನಾ ಸುಮ್ನ ಚಾಷ್ಟಿಗೆ ಹೇಳಿದ್ದೆ. ಅಮೃತವ್ವ ಅತ್ತಳಂತ."

"ಏನಂದ್ಲು?"

"'ನಿಲ್ಲಲಾರದ ಗಾಡ್ಯಾಗ ಬರೂದು ಬ್ಯಾಡ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗ ಹೊಸ್ತಿಲ ದಾಟಿದ್ರ ನನಗ ಅಣ್ಣ ಅದಾನ. ಇಲ್ಲಂದ್ರ ಮೊದಲ ಉಡಿ ಓಣ್ಯಾನವರು ತುಂಬತಾರ, ತವರುಮನಿ ಮುಗೀತು,' ಅಂದಾಳಂತ."

ಇವರು ಒಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಅವತ್ತು ಊಟದಲ್ಲಿ ಉಪ್ಪು ಕಡಿಮೆಯಾಗಿದೆ ಎಂದೂ ಅನ್ನಲಿಲ್ಲ.

ಮರುದಿನ ಅಝೀಮ ಒಂದು ಗಾಲಿ ತಂದು ಹಾಕಿ ಕಾರನ್ನೂ ನಮ್ಮಿಬ್ಬರನ್ನೂ ಅಂಗಡಿಗೆ ಒಯ್ದ. ಇವರು ಏನೂ ಕೇಳುವ ಮೊದಲೇ ನಾನು ಅಂದೆ, "ಸಾದಾ ಹಾಕಪಾ." ಇವರು ಹೂಂ ಎಂದು ತಲೆ ಅಲ್ಲಾಡಿಸಿದರು. ನಾಲ್ಕೂ ಹೊಸ ಟೈರು ಕೂತ ಮೇಲೆ ಗುಡುಸಾಬರು ಕೇಳಿದರು, "ಸ್ಟೆಪ್ನಿ?"

"ಅದು ಇರಲಿ ಬಿಡ್ರಿ."

"ಇರಲಿ ಅಂದ್ರ ಹೆಂಗ? ಅಝೀಮ, ಡಿಕ್ಕಿ ತಗಿ."

ಇವರು ಡಿಕ್ಕಿಗೆ ಬೆನ್ನು ಕೊಟ್ಟು ನಿಂತರು. ಎಪ್ಪತ್ತು ದಾಟಿದ ಮನುಷ್ಯ, ಮಿಠಾಯಿ ಅಡಗಿಸಿಟ್ಟ ಹುಡುಗನ ಹಾಗೆ. ಅಝೀಮ, "ಸ್ವಲ್ಪ ಸರೀರಿ ಕಾಕಾ," ಎಂದು ಮೆತ್ತಗೆ ಪಕ್ಕಕ್ಕೆ ಮಾಡಿ, ಮೇಲೆ ಹಾಸಿದ್ದ ಗೋಣಿತಟ್ಟು ಎತ್ತಿ ಸ್ಟೆಪ್ನಿ ಹೊರಗೆಳೆದ. ಆವತ್ತು ಡಂಬಳದಲ್ಲಿ ಚಪ್ಪಟೆಯಾಗಿದ್ದದ್ದು ಇವತ್ತಿಗೂ ಹಾಗೇ ಇತ್ತು. ಆರು ವರ್ಷ ಅದಕ್ಕೆ ಯಾರೂ ಗಾಳಿ ಹಾಕಿಸಿರಲಿಲ್ಲ. ಅದರ ಕೆಳಗಿನ ಗುಂಡಿಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಲಕೋಟೆ. ಲಕೋಟೆಯ ಮೇಲೆ ನನ್ನ ಅಕ್ಷರ.

ಅಝೀಮ ಅದನ್ನು ನನ್ನ ಕೈಗೆ ಕೊಟ್ಟು, ಸ್ಟೆಪ್ನಿ ಉರುಳಿಸಿಕೊಂಡು ದೂರ ಹೋದ. ಲಕೋಟೆಯ ಅಂಟು ಬಿಸಿಲಿಗೆ ತಾನೇ ಬಿಟ್ಟಿತ್ತು. ತೆರೆದು ಓದಿದೆ.

"ಅಮೃತಾ, ನಾನು ಬಂದಿದ್ದೆ. ಡಂಬಳದ ಹತ್ತಿರ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ತಪ್ಪು ನನ್ನದು. ಕರೆಯುವುದರಲ್ಲಿ ನಿನ್ನದೇನೂ ಕಡಿಮೆ ಆಗಿರಲಿಲ್ಲ. ನಾನು ಹೇಳಿದ್ದು ಸುಳ್ಳು. ನಿನ್ನ ಅಣ್ಣ."

ಆರು ವರ್ಷ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ ಎಂದು ನೆನೆಸಿ ನನಗೇ ನಾಚಿಕೆಯಾಯಿತು.

"ಡಬ್ಬಿತನಾ ಹೋಗಿದ್ದೆ," ಎಂದರು ಇವರು, ನೆಲ ನೋಡುತ್ತ. "ಕೈ ಏಳಲಿಲ್ಲ. ನಾಳೆ ಹಾಕಿದ್ರಾತು ಅಂತ ಇಟ್ಟೆ. ಸ್ಟೆಪ್ನಿ ತಗದ್ರ ಅದು ಕಾಣತೈತಿ ಅಂತ ಸ್ಟೆಪ್ನಿನೂ ತಗೀಲಿಲ್ಲ."

ಗುಡುಸಾಬರು ಸ್ಟೆಪ್ನಿಗೆ ಗಾಳಿ ತುಂಬಿಸಿ ತೊಟ್ಟಿಗೆ ಹಾಕಿಸಿ ತಿರುಗಿಸುತ್ತಿದ್ದರು. ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಎದ್ದಿತು. "ಇಷ್ಟ ನೋಡ್ರಿ," ಎಂದರು. "ಸೂಜಿ ಮೊನಿಯಷ್ಟು. ಆವತ್ತ ತಂದಿದ್ರ ಐದು ನಿಮಿಷದ ಕೆಲಸ."

ನಾನು ಜಗಳ ಮಾಡಲಿಲ್ಲ. "ಶುಕ್ರವಾರ ಹೋಗ್ತೀವಲ್ಲ, ಅಕಿ ಕೈಯಾಗ ಕೊಡ್ರಿ," ಎಂದಷ್ಟೇ ಹೇಳಿ, ಕುಬುಸದ ಹಸಿರು ಖಣದ ಮಡಿಕೆಯೊಳಗೆ ಲಕೋಟೆ ಇಟ್ಟೆ.

ಶುಕ್ರವಾರ ಎಂಟಕ್ಕೆ ಹೊರಡಬೇಕಾದವರು ಒಂಬತ್ತಕ್ಕೆ ಹೊರಟೆವು. ಯಾಕೆಂದರೆ, ಟೈರಿನ ಸಪ್ಪಳ ಕೇಳುತ್ತೇನೆಂದು ಹೊನ್ನೇಶನೂ ಹೊರಟಿದ್ದ, ಒಂದೊಂದು ಗಾಲಿಯನ್ನೂ ಕಲ್ಲಂಗಡಿಯಂತೆ ಬಡಿದು ನೋಡಿದ. ಡಿಕ್ಕಿಯಲ್ಲಿ ಕೆಳಗೆ ಸ್ಟೆಪ್ನಿ, ಮೇಲೆ ಏಳು ಬುತ್ತಿ. ಹೊಸ ಟೈರು ಹಾಸಿಗೆಯಂತೆ ಮೆತ್ತಗೆ ಓಡಿದವು. ಡಂಬಳ ಇನ್ನೂ ಎರಡು ಕಿಲೋಮೀಟರ್ ಇದೆ ಎನ್ನುವಾಗ ಹೊನ್ನೇಶ ಕಣ್ಣು ಮುಚ್ಚಿ, "ಆಹಾ, ಏನ್ ಸಪ್ಪಳ!" ಎಂದ. ಅದೇ ಗಳಿಗೆಗೆ ಹಿಂದಿನ ಎಡಗಾಲಿ ಉಸ್ಸೆಂದಿತು. ಇಳಿದು ನೋಡಿದರೆ ಎತ್ತಿನ ಲಾಳದ ಮೊಳೆ.

ಹೋದ ಸಲ ಡಂಬಳ ದಾಟಿ ಆಗಿತ್ತು. ಈ ಸಲ ದಾಟುವ ಮೊದಲೇ ಆಯಿತು. ಪ್ರಗತಿ ಎಂದರೆ ಇಷ್ಟೇ ಎಂದುಕೊಂಡೆ.

ಇವರು ರಸ್ತೆಯ ಮೇಲೆ ನಿಂತು ಮುಂಡರಗಿಯ ದಿಕ್ಕು ನೋಡಿದರು, ಆಮೇಲೆ ಡಿಕ್ಕಿ ನೋಡಿದರು. "ಬುತ್ತಿ ನೆಲಕ್ಕ ಇಡಂಗಿಲ್ಲ."

"ಇಡಂಗಿಲ್ಲ," ಎಂದೆ. "ಒಂದು ನನ್ನ ತಲಿ ಮ್ಯಾಲೆ ಇಡ್ರಿ."

ಎರಡನೆಯದು ಹೊನ್ನೇಶನ ತಲೆಗೆ. ಕಳೆ ತೆಗೆಯಲು ಹೊರಟಿದ್ದ ಮೂವರು ಹೆಂಗಸರನ್ನು ಕರೆದೆ. ಕುಬುಸದ ಬುತ್ತಿ ಎಂದು ಕೇಳಿ ಮಾತಿಲ್ಲದೆ ಸೆರಗು ಹೊದ್ದು ಮೂರು ಹೊತ್ತರು. ಕುರಿ ಕಾಯುವವನೊಬ್ಬ ಆರನೆಯದು. ಮೋಟರ್‌ಸೈಕಲ್ ನಿಲ್ಲಿಸಿದ ಒಬ್ಬ ಏಳನೆಯದನ್ನು ಎದೆಗವಚಿಕೊಂಡು ಮೂಗು ಅರಳಿಸಿದ. "ಇದ್ರಾಗ ಶೇಂಗಾ ಹೋಳಿಗಿ ಐತೇನ್ರಿ ಅವ್ವಾರ?"

"ಐತಿ. ಮೂಗಿಲೆ ಎಷ್ಟರ ತಿನ್ನು. ಕೈ ಹಚ್ಚಬ್ಯಾಡ."

ಸ್ಟೆಪ್ನಿ ಗಟ್ಟಿಯಾಗಿತ್ತು, ತಟ್ಟಿದರೆ ಡೋಲಿನಂತೆ ಸಪ್ಪಳ. ಆದರೆ ಅಝೀಮ ಯಂತ್ರದಿಂದ ಬಿಗಿದ ನಟ್ಟುಗಳು ಇವರ ಕೈಗೆ ಜಗ್ಗಲಿಲ್ಲ. ನಟ್ಟು ಬಿಚ್ಚುವ ಪಾನಾದ ಮೇಲೆ ಹತ್ತಿ ನಿಂತು ಕುಣಿದರು. ತಲೆಯ ಮೇಲೆ ಬುತ್ತಿ ಹೊತ್ತ ಹೊನ್ನೇಶ ಕತ್ತು ತಿರುಗಿಸಲಾಗದೆ ಆಕಾಶ ನೋಡುತ್ತಲೇ, "ಎಡಕ್ಕ! ಎಡಕ್ಕ!" ಎಂದು ಕೂಗಿದ. ಎರಡು ನಟ್ಟು ಬರುವಷ್ಟರಲ್ಲಿ ಹತ್ತಕ್ಕೆ ಐದು ನಿಮಿಷ.

ಸ್ನೇಹಾಳಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಅಮೃತವ್ವ ಎತ್ತುವವಳಲ್ಲ. ತಬಸ್ಸುಮಳಿಗೆ ಹೇಳಬಹುದಿತ್ತು, ಆದರೆ ಆ ದಾರಿಯಿಂದ ಹೋದ ಸುದ್ದಿ ಏನಾಗಿ ಮುಟ್ಟುತ್ತದೆಂದು ಆಗಲೇ ನೋಡಿಯಾಗಿತ್ತು.

ಅಷ್ಟರಲ್ಲಿ ಗದಗಿನ ಕಡೆಯಿಂದ ಮುಂಡರಗಿಯ ಬಸ್ಸು ಬಂತು. ಹೊನ್ನೇಶ ಒಂದು ಕೈಯಿಂದ ಬುತ್ತಿ ಹಿಡಿದು, ಇನ್ನೊಂದು ಕೈಯಿಂದ ಜೇಬಿನ ಸೀಟಿ ತೆಗೆದು ಊದಿದ. ಬಸ್ಸು ಹಳೆಯ ಅಭ್ಯಾಸಕ್ಕೆ ನಿಂತಿತು. ಬಾಗಿಲಲ್ಲಿ ಜೋತುಬಿದ್ದವರ ನಡುವೆಯಿಂದ ಕಂಡಕ್ಟರ್ ತಲೆ ಹೊರಹಾಕಿದ.

"ಹೊನ್ನೇಶಣ್ಣ, ನೌಕರಿ ಬಿಟ್ಟರೂ ಸೀಟಿ ಬಿಟ್ಟಿಲ್ಲೇನು?"

"ಏಳು ಬುತ್ತಿ, ಮೂರು ಮಂದಿ. ಹತ್ತಿಸ್ಕೋ ತಮ್ಮಾ!"

"ಬುತ್ತಿ ಹೋಗಲಿ, ಬೆರಳಿಡಾಕ ಜಾಗ ಇಲ್ಲಣ್ಣ."

ನಾನು ಮೋಟರ್‌ಸೈಕಲ್ಲಿನವನ ಎದೆಯ ಬುತ್ತಿಯ ಮೇಲಿದ್ದ ಖಣದ ಮಡಿಕೆಗೆ ಕೈ ಹಾಕಿ ಲಕೋಟೆ ತೆಗೆದೆ. "ಇದಕ್ಕ ಜಾಗ ಐತೇನಪಾ?"

ಇವರು ಪಾನಾ ಬಿಟ್ಟು ಎದ್ದು ಬಂದರು. "ಏ, ಅದು ಹಳೇದು."

"ಡಂಬಳಾನೂ ಅದ ಡಂಬಳ, ಪಂಕ್ಚರೂ ಅದ ಪಂಕ್ಚರ್. ತಾರೀಖು ಒಂದ ಬ್ಯಾರೆ. ನೀವ ಕೊಡ್ರಿ."

ಇವರು ಅದನ್ನು ಹಿಡಿದು ನಿಂತರು. ಬಸ್ಸಿನೊಳಗಿಂದ ಯಾರೋ, "ಹೊಂಡ್ರಿ, ತಡಾ ಆಗತೈತಿ!" ಎಂದು ಕೂಗಿದರು. ಇವರು ಕಂಡಕ್ಟರನ ಕಿವಿಯ ಮೇಲಿದ್ದ ಪೆನ್ನು ಕೇಳಿ ತೆಗೆದುಕೊಂಡು, ಬಸ್ಸಿನ ತಗಡಿಗೆ ಲಕೋಟೆ ಒತ್ತಿ ಹಿಡಿದು, ಹಿಂಬದಿಗೆ ತಾವೇ ಒಂದು ಸಾಲು ಬರೆದರು. ಬೆರಳಿನ ಕರಿ ಎಣ್ಣೆ ಲಕೋಟೆಗೆಲ್ಲ ಹತ್ತಿತು. ನಾನು ಇಣುಕಿ ಓದಿದೆ: "ಈ ಸಲ ಸ್ಟೆಪ್ನಿಯಲ್ಲಿ ಗಾಳಿ ಇದೆ. ಬರುತ್ತಿದ್ದೇನೆ. ತಡೆ."

"ಮುಂಡರಗ್ಯಾಗ ಯಾರಿಗ್ರಿ?"

"ಅಮೃತವ್ವಗ. ಸ್ಟ್ಯಾಂಡಿನ ಹಿಂದ, ಹಂದರ ಹಾಕಿದ ಮನಿ," ಎಂದರು. "ಹತ್ತೂವರಿ ಒಳಗ ಮುಟ್ಟಬೇಕು ತಮ್ಮಾ. ಅಣ್ಣ ಕೊಟ್ಟಾನ ಅಂತ ಹೇಳು."

ಕಂಡಕ್ಟರ್ ಲಕೋಟೆಯ ಆ ತುದಿ ಹಿಡಿದ. ಇವರು ಈ ತುದಿ ಬಿಡಲಿಲ್ಲ. ಕಂಡಕ್ಟರ್ ಸ್ವಲ್ಪ ಎಳೆದ. ಆರು ವರ್ಷ ಅದೇ ಬೆರಳುಗಳಲ್ಲಿ ಇದ್ದದ್ದು ಅಷ್ಟು ಸುಲಭಕ್ಕೆ ಬರಲಿಲ್ಲ. ನಾನು ತಲೆಯ ಮೇಲಿನ ಬುತ್ತಿ ಹಿಡಿದುಕೊಂಡು ಕಾದೆ.

ಹೊನ್ನೇಶ ನಮ್ಮ ಕಡೆ ನೋಡಿರಲಿಲ್ಲ. ಆಕಾಶ ನೋಡುತ್ತಲೇ ಮೂವತ್ತೆರಡು ವರ್ಷದ ರೂಢಿಯಂತೆ ಎರಡು ಸಲ ಸೀಟಿ ಊದಿದ.

ಬಸ್ಸು ಹೊರಟಿತು. ಇವರು ನಾಲ್ಕು ಹೆಜ್ಜೆ ಅದರ ಜೊತೆಗೆ ಓಡಿದರು. ಐದನೆಯ ಹೆಜ್ಜೆಗೆ ಕೈ ಬಿಟ್ಟರು.